ಅಂಬಪ್ಪನ ಕಣ್ಣು

ಅಯ್ಯಮ್ಮ ಫೋಟೋ ಕಲಿಯಲು ಬರೋಡಕ್ಕೆ ಹೊರಟಾಗ ಗುರುಗುಂಟಾದವರಿಗೆ ನಗು ತಡೆಯಲಾಗಲಿಲ್ಲ. "ಅದನ್ನ ಕಲಿಯಾಕ ಅಷ್ಟು ದೂರ ಯಾಕವ್ವಾ? ಮಸ್ಕ್ಯಾಗ ಫೋಟೋದ ದಸ್ತಗೀರ್‌ಸಾಬ್ ಸತ್ತಾನೇನು?" ಎಂದ ಅವಳ ದೊಡ್ಡಪ್ಪ ನರಸಣ್ಣ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಫೋಟೋವನ್ನು ಚಿತ್ರಕಲೆಯ ಹಾಗೆ ಕಲಿಸುತ್ತಾರೆ ಎಂದು ಹೇಳಿ ಹೇಳಿ ಅವಳ ಬಾಯಿ ನೋಯಿತು. ಸ್ಕಾಲರ್‌ಶಿಪ್ ಬಂದಿತ್ತು. 1989ರ ಜೂನ್‌ನಲ್ಲಿ ಬಸ್ಸು ಹತ್ತಿದಳು.

ತಾಯಿ ಗದ್ದೆಮ್ಮ ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ಆಯಾ. ತಂದೆ ಅಂಬಪ್ಪ ಶಾಲೆಯ ಜವಾನನಾಗಿದ್ದ. ಮಗಳಿಗೆ ಎರಡು ತುಂಬುವ ಮೊದಲೇ ಹಾವು ಕಚ್ಚಿ ಸತ್ತ. ಮನೆಯಲ್ಲಿದ್ದದ್ದು ಅವನ ಒಂದೇ ಫೋಟೋ. ಅದರಲ್ಲಿ ಅವನು ರುಮಾಲು ಸುತ್ತಿ, ಕುರ್ಚಿಯಲ್ಲಿ ಕೂತು, ಕಣ್ಣರಳಿಸಿ ನೋಡುತ್ತಿದ್ದ. "ಹೊಡೆಸುವಾಗ ನೀ ನನ್ನ ಬಗಲಾಗಿದ್ದಿ. ನಿನ್ನಽ ನೋಡಾಕತ್ತಿದ್ದ" ಎನ್ನುತ್ತಿದ್ದಳು ಗದ್ದೆಮ್ಮ. ಮನೆಗೆ ಬಂದವರು ಫೋಟೋ ನೋಡಿ, ಅಪ್ಪನ ಕಣ್ಣೇ ಮಗಳಿಗೆ ಬಂದಿವೆ ಎನ್ನುತ್ತಿದ್ದರು. ಅಪ್ಪನ ನೆನಪೇ ಇಲ್ಲದ ಹುಡುಗಿಗೆ ಅಷ್ಟೇ ಆಸ್ತಿ.

ಎರಡನೆಯ ವರ್ಷ, ಮನೆಯ ಹಳೆಯ ಫೋಟೋ ಒಂದನ್ನು ದೊಡ್ಡದಾಗಿ ಅಚ್ಚು ಹಾಕುವ ಪಾಠ ಬಂತು. ದೀಪಾವಳಿಗೆ ಹೋದವಳು ಅಪ್ಪನನ್ನು ಸೀರೆಯಲ್ಲಿ ಸುತ್ತಿ ತಂದಳು. ಡಾರ್ಕ್‌ರೂಮಿನ ಕೆಂಪು ದೀಪದಡಿ, ಔಷಧದ ನೀರಿನಲ್ಲಿ ಅಂಬಪ್ಪನ ಮುಖ ಮೂಡಿತು. ಕಣ್ಣಿದ್ದಲ್ಲಿ ಬರೀ ಕುಂಚದ ಗೆರೆಗಳು. ಗೆರೆಗಳ ಕೆಳಗೆ ಮುಚ್ಚಿದ ರೆಪ್ಪೆ.

ಹೆಣವನ್ನು ಕೂರಿಸಿ ಫೋಟೋ ಹೊಡೆಸಿ, ಆಮೇಲೆ ಕಣ್ಣು ಬರೆಸುವುದು ಆ ಕಡೆ ಹೊಸದೇನಲ್ಲ. ಬದುಕಿದ್ದಾಗ ಫೋಟೋಕ್ಕೆ ಪುರುಸೊತ್ತು ಯಾರಿಗಿತ್ತು? ಆದರೆ ತನ್ನ ಮನೆಯ ಗೋಡೆಯ ಮೇಲಿರುವುದೂ ಅಂಥದ್ದೇ ಎಂದು ಅಯ್ಯಮ್ಮನಿಗೆ ಹೊಳೆದೇ ಇರಲಿಲ್ಲ. ಹಾಗಾದರೆ ಅಪ್ಪ ತನ್ನನ್ನು ನೋಡುತ್ತಿದ್ದ ಎಂಬುದೂ ಸುಳ್ಳು. ಅಳು ಬರಲಿಲ್ಲ, ಸಿಟ್ಟು ಬಂತು. ಒದ್ದೆ ಹತ್ತಿಯಲ್ಲಿ ಒರೆಸಿದರೆ ಬಣ್ಣ ಹೋಗುತ್ತದೆ, ಆದರೆ ಹೋದದ್ದು ಮತ್ತೆ ಬರುವುದಿಲ್ಲ ಎಂದರು ಮೇಷ್ಟ್ರು. ಅಪ್ಪನ ನಿಜವಾದ ಮುಖವನ್ನು ಒಮ್ಮೆ ನೋಡಲೇಬೇಕು ಎಂದು ಅವಳಿಗೆ ಹಟ ಹಿಡಿಯಿತು. ಫೋಟೋ ಮಾತ್ರ ತಾಯಿಯದು, ಕೇಳದೆ ಕೈ ಹಚ್ಚುವಂತಿರಲಿಲ್ಲ.

ಸಂಕ್ರಾಂತಿಗೆ ಬಂದವಳೇ ಫೋಟೋ ಮುಂದಿಟ್ಟಳು. "ಯವ್ವಾ, ಹೊಡೆಸುವಾಗ ಅಪ್ಪ ಸತ್ತಿದ್ದನಲ್ಲಬೇ? ಯಾಕ ಸುಳ್ಳು ಹೇಳಿದಿ?"

ಗದ್ದೆಮ್ಮ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ಹೌದು, ಸತ್ತಿದ್ದ. ದಸ್ತಗೀರ್‌ಸಾಬ್ ಸೈಕಲ್ ಮ್ಯಾಲ ಬಂದು ಹೊಡದ. ಕಣ್ಣು ಹೆಂಗಿದ್ವು ಹೇಳವ್ವಾ, ಬರೀಬೇಕು ಅಂದ. ಬಗಲಾಗ ನೀ ಇದ್ದಿ. ಈಕೀನ್ನ ನೋಡಿ ಬರೀರಿ ಅಂದೆ."

ಅಯ್ಯಮ್ಮ ಫೋಟೋ ಕೈಗೆತ್ತಿಕೊಂಡಳು. ಆಮೇಲೆ, "ಬಣ್ಣ ಒರೆಸಿದ್ರ ಖರೇ ಮುಖ ಕಾಣತೈತಿ" ಎಂದಳು ಮೆಲ್ಲಗೆ.

"ಬೇಕಾದ್ರ ಒರೆಸವ್ವಾ, ನಿಮ್ಮಪ್ಪ ನಿನಗೂ ಸೇರಿದಾಂವ. ಆತನ ಖರೇ ಕಣ್ಣು ನನಗಽ ಮರತಾವ. ಈಗ ನೆನಸಿದ್ರ ನಿನ್ನವಽ ಬರತಾವ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗದ್ದೆಮ್ಮ ಮಗಳೆದುರು ಅತ್ತಳು. ಅಯ್ಯಮ್ಮನೂ ಅತ್ತಳು. ಬರೋಡಕ್ಕೆ ವಾಪಸು ಹೋಗುವಾಗ ಪಾಠಕ್ಕೆಂದು ಅವಳು ಒಯ್ದದ್ದು ದೊಡ್ಡಪ್ಪನ ಮದುವೆಯ ಫೋಟೋ.