ಗುರುಸಿದ್ದಮ್ಮನ ಹಾಲಿಗೆ ಬೆರೆತ ನೀರು

ಹಂಗಳದ ಗುರುಸಿದ್ದಮ್ಮನ ಮನೆಯ ಎರಡು ಸೀಮೆಹಸುಗಳು ಕಾಗದದ ಮೇಲೆ ಗಂಡ ಮಹದೇವಸ್ವಾಮಿಯವು. ಹಾಲಿನ ಡೇರಿಯ ಸದಸ್ಯತ್ವವೂ ಅವನದೇ. ಸಗಣಿ ಮಾತ್ರ ಗುರುಸಿದ್ದಮ್ಮನದು. ಕಾಡಂಚಿನಿಂದ ಹುಲ್ಲು ಹೊತ್ತು ತರುವುದು, ಬೂಸಾ ಕಲಸುವುದು, ಕೆಚ್ಚಲು ತೊಳೆದು ಹಾಲು ಕರೆಯುವುದು, ಕ್ಯಾನು ಉಜ್ಜುವುದು, ಎಲ್ಲ ಅವಳೇ. ತುಂಬಿದ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೋಗುವ ಅವನನ್ನು ಊರು ‘ಹಾಲಿನ ಸ್ವಾಮಿ’ ಎನ್ನುತ್ತಿತ್ತು. ಸಂತೆಮರಹಳ್ಳಿಯ ತವರಿಗೆ ಹಬ್ಬಕ್ಕೆ ಹೋದರೂ ಅವಳು ಸಂಜೆಯ ಬಸ್ಸಿಗೇ ವಾಪಸ್ಸು. ಅವಳಲ್ಲದೆ ಆ ಹಸುಗಳಿಗೆ ಯಾರಿದ್ದಾರೆ?

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಡೇರಿಯ ಕಾರ್ಯದರ್ಶಿ ಶಿವಮಲ್ಲು ಅವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಗಾಜಿನ ಕಡ್ಡಿ ಗುರುತು ದಾಟಿ ಮುಳುಗಿತು. ನೀರು ಬೆರೆತಿದೆ.

“ಮನೇಲಿ ಎಂಗುಸ್ರು ಏನ್ ಮಾಡ್ತಾರೋ ನಂಗೇನ್ಲಾ ಗೊತ್ತು?” ಎಂದ ಮಹದೇವಸ್ವಾಮಿ.

ಹೆಂಗಸನ್ನು ಕರೆಸಿದರು. ಶಿವಮಲ್ಲು ಕೇಳಿದ: “ಆಲಿಗೆ ನೀರು ಉಯ್ತೀಯೇನಮ್ಮ?”

“ಒಂದ್ ತೊಟ್ಟು ಬುಡ್ತೀನಿ ಕಣಣ್ಣ” ಎಂದಳು ಗುರುಸಿದ್ದಮ್ಮ.

ಬರೀ ಹಾಲು ಹೊಸ್ತಿಲು ದಾಟಿದರೆ ಕೆಚ್ಚಲಿಗೆ ದೃಷ್ಟಿಯಾಗುತ್ತದೆಂದು ಅತ್ತೆ ಪುಟ್ಟಬಸಮ್ಮ ಕಲಿಸಿದ ಪದ್ಧತಿ ಅದು. ಆ ಊರಲ್ಲಿ ಯಾವ ಮನೆಯಲ್ಲಿ ಬೆರಳದ್ದಿ ತೊಟ್ಟು ಬಿಡುವುದಿಲ್ಲ? ಆದರೂ ಸಾಲಿನಲ್ಲಿ ನಿಂತವರು “ಒಪ್ಕಬುಟ್ಳು!” ಎಂದರು. ಶಿವಮಲ್ಲು ಹಾಲನ್ನು ಚರಂಡಿಗೆ ಸುರಿಸಿ, ಬೀದಿಗೆಲ್ಲ ಕೇಳುವಂತೆ “ಗುರುಸಿದ್ದಮ್ಮನ ಆಲು, ನೀರಾಲು!” ಎಂದು ಕೂಗಿದ. ಸದಸ್ಯ ಗಂಡ, ಕೂಗಿದ್ದು ಮಾತ್ರ ಹೆಂಡತಿಯ ಹೆಸರು.

ಆಮೇಲೆ ನಲ್ಲಿಯ ಹತ್ತಿರ ಹೋದರೂ ಅದೇ. “ಇನ್ನೊಂದ್ ಬಿಂದ್ಗೆ ತುಂಬ್ಕೊ ಕಣಕ್ಕ, ಆಲು ಕಮ್ಮಿಯಾದಾತು!” ತೊಟ್ಟು ಬಿಡಲು ಕಲಿಸಿದ ಅತ್ತೆ ಎಲೆಯಡಿಕೆ ಹಾಕಿಕೊಂಡು ಮುಖ ತಿರುಗಿಸಿದಳು. ಗಂಡ ರೊಟ್ಟಿ ಮುರಿಯುತ್ತ “ಮಾನ ಕಳ್ದುಬುಟ್ಟೆ” ಎಂದ. ಆ ರೊಟ್ಟಿ ತಟ್ಟಿದ್ದೂ ಇವಳೇ.

ಚಾಮರಾಜನಗರದಿಂದ ಹಾಲು ಪರೀಕ್ಷೆಗೆ ಬರುತ್ತಿದ್ದ ಭವ್ಯಳನ್ನು ಅವಳು ಬಸ್‌ಸ್ಟಾಪಿನಲ್ಲೇ ತಡೆದಳು.

“ನಿಮ್ ಕಡ್ಡಿ ನೀರೈತೆ ಅಂತು. ಉಯ್ದೋರು ಯಾರು ಅಂತ ಏಳ್ತಾ ಮೇಡಂ?”

ಭವ್ಯ ತಡವರಿಸಿದಳು. “ಕೊಟ್ಟಿಗೇಲಿ ಕರೆದ ಹಾಲನ್ನೇ ಪರೀಕ್ಷೆ ಮಾಡಿ ಹೋಲಿಸಬಹುದಮ್ಮ. ಯಾರೂ ಕೇಳಲ್ಲ.”

“ನಾ ಕೇಳ್ತಿವ್ನಿ.”

ಮಾರನೆಯ ಬೆಳಿಗ್ಗೆ ಭವ್ಯ ಕೊಟ್ಟಿಗೆಯಲ್ಲಿ ನಿಂತಿದ್ದಳು. ಗುರುಸಿದ್ದಮ್ಮ ಹಾಲು ಕರೆದು ಕ್ಯಾನಿಗೆ ಹಾಕಿ, ಬೆರಳದ್ದಿ ತೊಟ್ಟೂ ಬಿಟ್ಟಳು. ಅದೇ ಕ್ಯಾನಿನಿಂದ ಭವ್ಯ ಒಂದು ಬಾಟಲಿ ತುಂಬಿಕೊಂಡಳು.

“ಒಳ್ಳೇ ಆಲ್ನಲ್ಲಿ ನೀರೇ ಇರಲ್ವಾ ಮೇಡಂ?”

“ಹಾಲು ಒಂದೇ ವಸ್ತು ಅಲ್ಲಮ್ಮ. ಜಿಡ್ಡು, ಸಕ್ಕರೆ, ಉಪ್ಪು ಎಲ್ಲ ಸೇರಿದ ಮಿಶ್ರಣ. ಮುಕ್ಕಾಲಿಗಿಂತ ಹೆಚ್ಚು ನೀರೇ. ಮೇಲಿಂದ ನೀರು ಸುರಿದರೆ ಹಾಲು ತೆಳ್ಳಗಾಗಿ ಕಡ್ಡಿ ಮುಳುಗುತ್ತೆ. ನಿಮ್ಮ ಒಂದು ತೊಟ್ಟು ಅದಕ್ಕೆ ಗೊತ್ತೇ ಆಗಲ್ಲ.”

“ಅಂಗಾರೆ ಅಸುವೂ ನೀರು ಬೆರ್ಸೋ ಕಳ್ಳಿ ಅನ್ನಿ. ಅದ್ರ ಎಸ್ರನ್ನ ಯಾರೂ ಕೂಗ್ನಿಲ್ಲ!”

ಗಂಡ ಅಂಗಳಕ್ಕೆ ಬಂದು, ಒಳಗೆ ಇಣುಕದೆ ಕ್ಯಾನು ಕಟ್ಟಿಕೊಂಡು ಹೊರಟ. ಇಬ್ಬರು ಹೆಂಗಸರೂ ನಡೆದೇ ಹೋದರು. ಡೇರಿ ಮುಟ್ಟಿ ಬೆವರು ಒರೆಸಿಕೊಂಡ ಮೇಲೆ ಬೈಕು ಬಂತು.

ಬಾಟಲಿಯ ಹಾಲಿನಲ್ಲಿ ಕಡ್ಡಿ ಗುರುತಿಗೆ ಸರಿಯಾಗಿ ತೇಲಿತು. ಕ್ಯಾನಿನ ಹಾಲಿನಲ್ಲಿ ಮುಳುಗಿತು. ಮಹದೇವಸ್ವಾಮಿ ಚಪ್ಪಲಿ ನೋಡಿಕೊಂಡ.

“ಮಾದಣ್ಣನ ಟೀ ಅಂಗ್ಡೀಲಿ ಒಂದಷ್ಟು ಆಲು ಇಳ್ಸಿ ದುಡ್ಡು ಇಸ್ಕಂಡು, ಅಲ್ಲೇ ಬೋರ್‌ವೆಲ್ ನೀರು ಉಯ್ಕಂಡು ಬತ್ತಾನೆ. ಊರಿಗೇ ಗೊತ್ತು ಬುಡು” ಎಂದಳು ಸಾಲಿನಲ್ಲಿದ್ದ ಮಂಚಮ್ಮ.

ಊರಿಗೇ ಗೊತ್ತಿತ್ತು! ಗೊತ್ತಿದ್ದೂ ಅವಳ ಹೆಸರನ್ನು ಚರಂಡಿಗೆ ಸುರಿದಿದ್ದರು. ಶಿವಮಲ್ಲು ತಗ್ಗಿದ ದನಿಯಲ್ಲಿ, “ಗಂಡ ಎಂಡ್ತಿ ವಿಚಾರ, ಮನೇಲೇ ತೀರುಸ್ಕಳಿ” ಎಂದ.

“ನನ್ ಎಸ್ರು ಕೂಗ್ದಾಗ ಅದು ಮನೆ ವಿಚಾರ ಆಗಿರ್ನಿಲ್ವಾ?” ಗುರುಸಿದ್ದಮ್ಮ ತೂಕದ ಯಂತ್ರದ ಮುಂದೆ ನಿಂತಳು. “ಅಂಗೇ ಇವ್ರ ಎಸ್ರನ್ನೂ ಕೂಗಿ. ಅಲ್ಲೀವರ್ಗೂ ಒಬ್ರೂ ಆಲು ಉಯ್ಯಂಗಿಲ್ಲ.”

ಬಿಸಿಲೇರಿತು. ಹಾಲು ಒಡೆಯುವ ಭಯಕ್ಕೆ ಸಾಲು ಗೊಣಗತೊಡಗಿತು. ಹಾಲಿನ ಲಾರಿ ಹಾರನ್ ಹೊಡೆಯಿತು. ಅವಳು ಅಲುಗಲಿಲ್ಲ. ಕೊನೆಗೆ ಶಿವಮಲ್ಲು ಗಂಟಲಲ್ಲೇ ಎಂದ: “ಮಹದೇವಸ್ವಾಮಿ ಆಲು... ನೀರಾಲು.”

“ಇಂದ್ಗಡೆಯವ್ರಿಗೆ ಕೇಳ್ನಿಲ್ಲ ಕಣಣ್ಣ” ಎಂದಳು ಮಂಚಮ್ಮ. “ಇನ್ನೊಂದ್ಸಲ ಜೋರಾಗಿ ಕೂಗು.”

ಕೂಗಿದ. ಆಮೇಲೆಯೇ ಗುರುಸಿದ್ದಮ್ಮ ಜಾಗ ಬಿಟ್ಟಳು.