ಗಾಳದ ಎರೆ

ಲೀಲಾ ಅಂಕೋಲೆಯ ಕಡೆಯವಳು. ಗಂಡ ಉಮಾಶಂಕರ ಕಡಲಾಚೆಯ ಲಾಂಗ್ ಬೀಚ್ ಊರಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ. ಕೊರೊನಾ ಬಂದು ಹೋಟೆಲು ಮುಚ್ಚಿದ ಮೇಲೆ ಇಬ್ಬರ ಊಟ ಅವಳ ಗಾಳಕ್ಕೆ ಜೋತುಬಿತ್ತು.

ದಿನಾ ಬೆಳಿಗ್ಗೆ ಬಸ್ ಹತ್ತಿ ಸೀಲ್ ಬೀಚಿಗೆ ಹೋಗುವಳು. ಅಂಗಡಿಯಲ್ಲಿ ಎರೆಯ ಹುಳದ ಪೊಟ್ಟಣಕ್ಕೆ ಎಂಟು ಡಾಲರ್. ಅದನ್ನು ಕೊಂಡು ಮೀನು ಹಿಡಿಯುವುದಕ್ಕಿಂತ ಮೀನನ್ನೇ ಕೊಳ್ಳುವುದು ಅಗ್ಗ. ಹಾಗಾಗಿ ಅಲೆ ಹಿಂದೆ ಸರಿದಾಗ ಮರಳನ್ನು ಕಾಲಲ್ಲಿ ಕೆದಕಿ ಪುಟ್ಟ ಏಡಿಗಳನ್ನು ಎರೆಗೆಂದು ಹೆಕ್ಕುತ್ತಿದ್ದಳು. ಹೊಟ್ಟೆಯಡಿ ಮೊಟ್ಟೆ ಕಂಡರೆ ನೀರಿಗೇ ಬಿಟ್ಟು ಕೈ ಮುಗಿಯುವಳು. ಆಮೇಲೆ ಕಡಲೊಳಕ್ಕೆ ಚಾಚಿದ ಕಟ್ಟೆ, ಪಿಯರ್ ಮೇಲೆ ನಿಂತು ಗಾಳ ಹಾಕುವಳು. ಅಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕಿಲ್ಲ.

ಮರಳಿನ ಏಡಿಗೂ ಲೈಸೆನ್ಸ್ ಬೇಡ ತಾನೇ ಎಂದು ಪಕ್ಕದ ಬೀದಿಯ ಮಧುರಾಳನ್ನು ಒಮ್ಮೆ ಕೇಳಿದ್ದಳು. ಮಧುರಾ ಫೋನಿನಿಂದ ಕಣ್ಣೆತ್ತಲಿಲ್ಲ.

“ಫಿಶಿಂಗೇ ಫ್ರೀ ಅಂದ್ಮೇಲೆ ಏಡಿಗೆ ಯಾರು ಕೇಳ್ತಾರೆ ಆಂಟಿ?”

ಊರಿನ ದಂಡೆಯಲ್ಲೂ ಯಾರೂ ಕೇಳಿದ್ದಿಲ್ಲ. ಲೀಲಾ ನಂಬಿದಳು. ಶನಿವಾರ ಶನಿವಾರ ಮಧುರಾಳ ಮನೆಗೆ ಎರಡು ಮೀನು ಹೋಗುತ್ತಿತ್ತು, ಅಲ್ಲಿಂದ ಅಕ್ಕಿ ಬರುತ್ತಿತ್ತು.

ಮರುವರ್ಷದ ಜೂನಿನಲ್ಲಿ ಮೀನುಗಾರಿಕೆ ಇಲಾಖೆಯ ಕಾವಲುಗಾರ ಅವಳ ಬಕೆಟ್ಟಿನೊಳಗೆ ಇಣುಕಿದ. ಪಿಯರ್ ಮೇಲಿನ ಮೀನಿಗೆ ಲೈಸೆನ್ಸ್ ಬೇಡ, ಮರಳಿನ ಏಡಿಗೆ ಬೇಕು ಎಂದು ಸಮಾಧಾನವಾಗಿಯೇ ತಿಳಿಸಿ, ಟಿಕೆಟ್ ಬರೆದು ಕೈಗಿಟ್ಟ.

ಗೊತ್ತಿಲ್ಲದೆ ಆದ ತಪ್ಪೆಂದು ಜಡ್ಜ್ ಮುಂದೆ ಯಾರಾದರೂ ಹೇಳಿದರೆ ದಂಡ ಕಡಿಮೆಯಾದೀತು ಎಂದರು ಪಿಯರ್ ಮೇಲಿನವರು. ಲೀಲಾ ಮಧುರಾಳ ಬಾಗಿಲಿಗೆ ಹೋದಳು.

“ನನ್ನ ಹೆಸರು ಮಾತ್ರ ಎತ್ಬೇಡಿ ಆಂಟಿ, ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ,” ಎಂದಳು ಮಧುರಾ. ಒಳಗೆ ಕರೆಯಲಿಲ್ಲ.

ಕೋರ್ಟಿನಲ್ಲಿ ಜಡ್ಜ್ ಪ್ರಶ್ನೆಯನ್ನು ಫೋನಿನ ಆಚೆಯಿಂದ ದುಭಾಷಿಯೊಬ್ಬರು ಕನ್ನಡದಲ್ಲಿ ಕೇಳಿದರು: ಲೈಸೆನ್ಸ್ ಬೇಡ ಅಂತ ನಿಮಗೆ ಯಾರಾದರೂ ಹೇಳಿದ್ದರೇ? ಹೆಸರು ನಾಲಿಗೆಯ ತುದಿಗೆ ಬಂದಿತ್ತು. ತಿಂದ ಅಕ್ಕಿ ಬಾಯಿ ಕಟ್ಟಿತು.

“ಯಾರೂ ಹೇಳ್ಲಿಲ್ಲ.”

ದಂಡ ಅಷ್ಟೂ ಉಳಿಯಿತು. ಹಿಂದಿನ ಬೇಸಿಗೆಯಿಡೀ ಹಿಡಿದ ಮೀನಿಗೆಲ್ಲ ಅಂಗಡಿಯ ಬೆಲೆ ಕಟ್ಟಿದರೂ ಅಷ್ಟಾಗುತ್ತಿರಲಿಲ್ಲ. ಅದನ್ನು ಕಟ್ಟಿದ ಮೇಲೆ ಲೈಸೆನ್ಸಿಗೂ ಹಣವಿಲ್ಲ, ಹುಳಕ್ಕೂ ಇಲ್ಲ.

ಈಗ ಶನಿವಾರ ಮಧುರಾಳೇ ಫೋನ್ ಮಾಡಿ ಕರೆಯುತ್ತಾಳೆ. ಅಂಗಡಿಯಿಂದ ತಂದ ಐಸ್ ಮೀನನ್ನು ಲೀಲಾ ಅವಳ ಸಿಂಕಿನಲ್ಲಿ ಹೆರೆದು, ಕೊಯ್ದು, ತೊಳೆದು ಕೊಡುತ್ತಾಳೆ. ಗಂಟೆಗೆ ಇಷ್ಟು ಕೂಲಿ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದಾರೆ.

“ನೀವು ತರ್ತಿದ್ದ ಮೀನಿನ ಟೇಸ್ಟೇ ಬೇರೆ ಆಂಟಿ,” ಎಂದಳು ಮಧುರಾ ಮೊನ್ನೆ.

ಲೀಲಾ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.