ಯಂತ್ರದ ಮೂಗಿನ ಮೇಲೆ ಹಿತ್ತಾಳೆ ಫಲಕ

ಕಳೆದ ಮಂಗಳವಾರ ಇಳಕಲ್ಲಿನಲ್ಲಿ ನಾನು ಇಪ್ಪತ್ತೊಂದು ಜನ ಗಣ್ಯರನ್ನು ಸ್ಕ್ರೂಡ್ರೈವರಿನಿಂದ ಕಿತ್ತು ಕೆಳಗಿಟ್ಟೆ.

ಗಾಬರಿಯಾಗಬೇಡಿ. ಕಿತ್ತದ್ದು ಅವರ ಹೆಸರುಗಳನ್ನು ಮಾತ್ರ. (ಅವರಲ್ಲಿ ಕೆಲವರಿಗೆ ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ.)

ನಡೆದದ್ದು ಹೀಗೆ. ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ ಗುರುಸಿದ್ದವ್ವ, ಹದಿನೈದು ದಿನದಿಂದ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿದ್ದಳು. ಶ್ವಾಸಕೋಶ ಸೋತಿದೆ. ಜೀವಮಾನವೆಲ್ಲ ಮಗ್ಗದ ಪಕ್ಕ ಕೂತು ನೂಲು ಸುತ್ತಿದವಳು. ಸುಮ್ಮನೆ ಮಲಗುವುದು ಅವಳಿಗೆ ಬರುವುದಿಲ್ಲ. ಊಟ ಬಿಟ್ಟಳು. “ಸಾಯೂದಿದ್ರ ನನ್ನ ಮನ್ಯಾಗ ಸಾಯ್ತೇನಿ. ಬದುಕೂದಿದ್ರೂ ಅಲ್ಲೇ ಬದುಕ್ತೇನಿ. ಇಲ್ಲಿ ಎರಡೂ ಆಗವಲ್ದು” ಎಂದು ನರ್ಸಿಗೆ ಹೇಳಿದಳಂತೆ.

ಡಾಕ್ಟರು ಮನೆಗೆ ಕಳಿಸಲು ಒಪ್ಪಿದರು. ಒಂದೇ ಷರತ್ತು: ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇರಬೇಕು. ಸುತ್ತಲಿನ ಗಾಳಿ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ನಳಿಗೆಯಲ್ಲಿ ಬಿಡುವ ಯಂತ್ರ. ಕೋವಿಡ್ ಕಾಲದಲ್ಲಿ ಇದರ ಹೆಸರು ನಿಮಗೂ ಬಾಯಿಪಾಠವಾಗಿತ್ತು, ನೆನಪಿದೆಯಲ್ಲ? ಈಗ ವಿಚಾರಿಸಿದರೆ, ಬಾಡಿಗೆಗೆ ಕೊಡುವವರ ಬಳಿ ಒಂದೂ ಇರಲಿಲ್ಲ.

ನಾನು ಇದೇ ಕಸುಬಿನವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಒಂದು ಕಾಗದಕ್ಕಾಗಿ ದೊಡ್ಡವ್ವ ಎಷ್ಟು ನೂಲು ಸುತ್ತಿದಳೆಂದು ನೋಡಿದ್ದೇನೆ. ಮೆಡಿಕಲ್ ಎಲೆಕ್ಟ್ರಾನಿಕ್ಸ್ ಓದಿದೆ. ಆಸ್ಪತ್ರೆಯ ಯಂತ್ರ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ‘ಮೆಡಿಕಲ್’ ಎಂದದ್ದಕ್ಕೆ ಓಣಿಯವರು ಮೊದಲು ಮಂಡಿನೋವು ತೋರಿಸಿದರು. ಬಿಡಿಸಿ ಹೇಳಿದ ಮೇಲೆ ಮಿಕ್ಸಿ ತಂದುಕೊಟ್ಟರು.

ಆಮೇಲೆ ಕೋವಿಡ್ ಬಂತು. ಏಕಾಏಕಿ ನನಗೂ ಬೆಲೆ ಬಂತು. ಬಾದಾಮಿ, ಹುನಗುಂದ, ಕಲಾದಗಿ, ಎಲ್ಲೆಲ್ಲಿಂದಲೋ ಫೋನು. ಸೀರೆ ಅಂಗಡಿಯವರು ಆಕ್ಸಿಮೀಟರ್ ಮಾರಿದರು. ಮೊಬೈಲ್ ಕವರ್ ಮಾರುವವನು ಹಣೆಗೆ ಹಿಡಿಯುವ ಥರ್ಮಾಮೀಟರ್ ಇಟ್ಟ. ಏನೇನೋ ಮಾಡುತ್ತಿದ್ದ ಕಾರ್ಖಾನೆಗಳು ರಾತ್ರೋರಾತ್ರಿ ಉಸಿರಾಟದ ಯಂತ್ರ ಮಾಡತೊಡಗಿದವು. ಈ ಧಂದೆಯಲ್ಲೇ ಹಳಬರಾದ ನನ್ನ ಪರಿಚಯದ ಡೀಲರೊಬ್ಬರು ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರದು ಕಣ್ಣಿನ ಲೆನ್ಸು, ಮಂಡಿಯ ಕೃತಕ ಕೀಲು. ಪೊರೆ ತೆಗೆಸುವವರೂ ಮಂಡಿ ಬದಲಿಸುವವರೂ ‘ಮುಂದ ನೋಡೂಣು’ ಎಂದುಬಿಟ್ಟಿದ್ದರು. ಒಂದೇ ಉದ್ಯಮ. ಒಂದು ಕೋಣೆಯಲ್ಲಿ ಮದುವೆ, ಪಕ್ಕದ ಕೋಣೆಯಲ್ಲಿ ಸೂತಕ.

ಆ ಮದುವೆಯ ಕಾಲದಲ್ಲೇ ಇಳಕಲ್ಲಿನ ನಮ್ಮ ಸಮಾಜದವರೂ ಪಟ್ಟಿ ಎತ್ತಿ, ಅಂದರೆ ಚಂದಾ ಕೂಡಿಸಿ, ಒಂದು ಕಾನ್ಸಂಟ್ರೇಟರ್ ತಂದಿದ್ದರು. ಅದು ನೆನಪಾದದ್ದೇ ತಡ, ಬಾಗಲಕೋಟೆಯಿಂದ ಓಡಿದೆ. ಸಮಾಜದ ಅಧ್ಯಕ್ಷ ಮಹಾಂತಪ್ಪ ಕಾಕಾ ಕೀಲಿಕೈ ಹಿಡಿದು ಬಂದರು. ಯಂತ್ರ ಇದ್ದದ್ದು ಪಾತ್ರೆ ಕೋಣೆಯಲ್ಲಿ. ಮದುವೆಗೆ ಕೊಡುವ ಹಂಡೆ, ಕೊಪ್ಪರಿಗೆ, ಜಮಖಾನೆಗಳ ನಡುವೆ, ಮೈತುಂಬ ಶಾಲು ಹೊದ್ದುಕೊಂಡು.

“ಭಾಳ ಜ್ವಾಕಿಯಿಂದ ಇಟ್ಟೇವಿ ನೋಡು ತಂಗಿ. ಒಂದ ಗೀರಿಲ್ಲ” ಎಂದರು ಕಾಕಾ.

“ಯಾರಿಗೆ ಕೊಟ್ಟಿದ್ರಿ ಕಾಕಾ?”

“ಯಾರಿಗೂ ಇಲ್ಲ. ಇದು ಬರೂದ್ರಾಗ ರೋಗನ ಇಳೀತು.”

“ಉದ್ಘಾಟನಾ ಆತಲ್ಲ? ಅವತ್ತ ಚಾಲೂ ಮಾಡಿರ್ಬೇಕು.”

“ರಿಬ್ಬನ್ ಕಟ್ ಮಾಡಿದ್ವಿ. ಕರೆಂಟ್ ಇರ್ಲಿಲ್ಲ ತಂಗಿ.”

ಪ್ಲಗ್ ಹಾಕಿದೆ. ಯಂತ್ರ ಗುಂಯ್ ಎಂದಿತು. ಕಾಕಾ ಕೈಮುಗಿದರು. ಕೆಲವೇ ನಿಮಿಷಕ್ಕೆ ಕೆಂಪು ದೀಪ, ಕೀಂಯ್ ಕೀಂಯ್ ಅಲಾರಂ. ನನ್ನ ಮೀಟರ್ ಹಿಡಿದು ನೋಡಿದರೆ ಆಮ್ಲಜನಕ ಸಾಲದು. ಇಷ್ಟು ವರ್ಷ ಸುಮ್ಮನೆ ಇಟ್ಟದ್ದಕ್ಕೆ ಒಳಗಿನ ಸೋಸುವ ಪುಡಿ ತೇವ ಹಿಡಿದು ಸತ್ತಿರಬೇಕು ಎಂದುಕೊಂಡೆ. ಹೊಸದು ಬೇಕಲ್ಲ? ಕಂಪನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಯಾರೋ ಎತ್ತಿದರು.

“ಮೇಡಂ, ನಾವೀಗ ಆ ಲೈನ್ ಬಿಟ್ಬಿಟ್ವಿ. ಈಗ ಮೀನಿನ ತೊಟ್ಟಿಗೆ ಗಾಳಿ ಬಿಡೋ ಪಂಪ್ ಮಾಡ್ತಿದೀವಿ.”

“ಮತ್ತೆ ಈ ಯಂತ್ರ ತಗೊಂಡವರ ಗತಿ?”

“ಅದೂ ಗಾಳೀನೇ ಅಲ್ವಾ ಮೇಡಂ? ಪಂಪ್ ಬೇಕಾದ್ರೆ ಕಳಿಸ್ತೀನಿ.”

ದೊಡ್ಡವ್ವ ಮೀನಲ್ಲ ಎಂದು ಹೇಳಿ ಫೋನಿಟ್ಟೆ. ಅವಳನ್ನು ಮರುದಿನ ಬಿಡುಗಡೆ ಮಾಡಬೇಕಿತ್ತು. ಯಂತ್ರವಿಲ್ಲ ಎಂದು ಹೇಳಿದರೆ ಅವಳು ಆ ಮಂಚದ ಮೇಲೇ ಉಪವಾಸ ಮುಂದುವರಿಸುತ್ತಾಳೆ. ಆ ಹಟ ನನಗೆ ಗೊತ್ತು. ನನ್ನನ್ನು ಓದಿಸಿದ್ದು ಅದೇ ಹಟ.

ಕೊನೆಯ ಪ್ರಯತ್ನವೆಂದು ಯಂತ್ರವನ್ನು ತಿರುಗಿಸಿದೆ. ಪಕ್ಕದಲ್ಲಿ ಗಾಳಿ ಒಳಗೆ ಹೋಗುವ ಜಾಲರಿ ಇರಬೇಕು. ಜಾಲರಿಯೇ ಇಲ್ಲ! ಅಲ್ಲಿ ಫಳಫಳ ಹಿತ್ತಾಳೆ ಫಲಕ. ನಾಲ್ಕೂ ಮೂಲೆಗೆ ಸ್ಕ್ರೂ. ಮೇಲೆ ‘ದಾನಿಗಳು’, ಕೆಳಗೆ ಇಪ್ಪತ್ತೊಂದು ಹೆಸರು. ಮದುವೆ ಪಾತ್ರೆಗಳಿಗೆ ಹೆಸರು ಕೊರೆಯುವವನೇ ಕೊರೆದು, ಸಪಾಟಾದ ಜಾಗ ಹುಡುಕಿ, ಜಾಲರಿಯ ಮೇಲೇ ಬಿಗಿದಿದ್ದಾನೆ. ಯಂತ್ರದ ಮೂಗನ್ನು ಊರೇ ಸೇರಿ ಹಿಡಿದಂತೆ.

“ಕಾಕಾ, ಇದನ್ನ ತಗೀಬೇಕ್ರಿ.”

ಕಾಕಾನ ಮುಖ ಇಳಿಯಿತು. “ಅದೊಂದು ಬ್ಯಾಡ ತಂಗಿ. ಮಷಿನ್ ಬರಾಕ ಒಂದು ತಿಂಗಳಾತು, ಯಾರ ಹೆಸರು ಮ್ಯಾಲ ಯಾರದು ಕೆಳಗ ಅನ್ನೂದು ಮುಗಿಯಾಕ ಮೂರು ತಿಂಗಳಾತು. ಈಗ ತಗದ್ರ ಮತ್ತ ಮೀಟಿಂಗ್ ಕರೀಬೇಕು.”

“ಯಾವಾಗ ಕರೀತೀರಿ?”

“ಅಮಾಸಿ ಆದ ಮ್ಯಾಲ ನೋಡೂಣು.”

ಎಂಜಿನಿಯರಿಂಗಿನಲ್ಲಿ ಇದಕ್ಕೊಂದು ಪಾಠ ಇರಲಿಲ್ಲ. ಸೀದಾ ದೊಡ್ಡವ್ವನಿಗೆ ವಿಡಿಯೋ ಕಾಲ್ ಹಚ್ಚಿ, ವಿಷಯ ಹೇಳಿ, ಮೊಬೈಲನ್ನು ಕಾಕಾನ ಕೈಗೆ ಕೊಟ್ಟೆ. ಪರದೆಯಲ್ಲಿ ಅವಳ ಮೂಗಿಗೆ ನಳಿಗೆ, ಮಾತಿಗೊಮ್ಮೆ ಉಬ್ಬಸ. ಆದರೂ ದನಿಯಲ್ಲಿ ಖಾರ ಇಳಿದಿರಲಿಲ್ಲ.

“ಮಾಂತ್ಯಾ, ನಿನ್ನ ಹೆಸರು ಎಷ್ಟನೇದೈತಿ?”

“ಎರಡನೇದು ಅಕ್ಕಾ.”

“ನನ್ನ ಮೂಗಿನ ಮ್ಯಾಲ ಎರಡನೇದಾಗಿ ಕುಂತೀಯಲ್ಲೋ, ನಾಚಿಕಿ ಬರೂದಿಲ್ಲ? ಇಳಿ ಕೆಳಗ. ಮೊದಲನೇದವಗೂ ಹೇಳು.”

ಅರವತ್ತು ದಾಟಿದ ಅಧ್ಯಕ್ಷರು ಶಾಲೆಯ ಹುಡುಗನಂತೆ ನಿಂತರು. ಮೊಬೈಲ್ ನನಗೆ ಕೊಟ್ಟು, “ತಗಿ ತಂಗಿ. ಆದ್ರ ಮೊದಲ ಒಂದು ಫೋಟೋ ಹೊಡಕೊ. ನಾಳಿ ಯಾರರ ಕೇಳಿದ್ರ ಹೆಸರು ಇತ್ತು ಅನ್ನಾಕ ಬೇಕಲ್ಲ?” ಎಂದರು.

ಫೋಟೋ ತೆಗೆದೆ. ನಾಲ್ಕು ಸ್ಕ್ರೂ ಬಿಚ್ಚಿದೆ. ಜಾಲರಿಯ ಧೂಳು ಒರೆಸಿದೆ. ಯಂತ್ರ ಆಳವಾಗಿ ಗಾಳಿ ಎಳೆದುಕೊಂಡಿತು. ಒಂದು ತಾಸು ಓಡಿಸಿದೆ. ಕೆಂಪು ದೀಪ ಹೋಗಿ ಹಸಿರು ಬಂತು, ಮೀಟರ್ ಶೇಕಡಾ ತೊಂಬತ್ತು ದಾಟಿತು. ಒಳಗಿನ ಪುಡಿ ಸತ್ತಿರಲಿಲ್ಲ. ಇಳಕಲ್ಲಿನ ಒಣ ಹವೆ ಕಾಪಾಡಿತ್ತು.

ಕಾಕಾ ಒಬ್ಬರನ್ನೇ ಆಡಿಕೊಂಡರೆ ತಪ್ಪಾದೀತು. ಯಂತ್ರ ಮಾರಿದವರು ಮರಳಿ ಬರಲಿಲ್ಲ. ತಂದವರು ಚಾಲೂ ಮಾಡಲಿಲ್ಲ. ಇನ್ನು ನಾನು? ಅದೇ ಓಣಿಯಲ್ಲಿ ಬೆಳೆದವಳು, ಪ್ರತಿ ಹಬ್ಬಕ್ಕೂ ಆ ಕೋಣೆಯ ಮುಂದೆಯೇ ಓಡಾಡಿದವಳು, ಒಂದು ದಿನವೂ ಒಳಗೆ ಇಣುಕಲಿಲ್ಲ. ದೊಡ್ಡವ್ವನಿಗೆ ಬೇಕಾಗುವವರೆಗೆ, ನಮ್ಮ ಓಣಿಯ ಮಟ್ಟಿಗೆ ನನ್ನ ಡಿಗ್ರಿಗೂ ಶಾಲು ಹೊದಿಸಿಯೇ ಇಟ್ಟಿದ್ದೆ.

ಬುಧವಾರ ದೊಡ್ಡವ್ವ ಮನೆಗೆ ಬಂದಳು. ಆ ದಿನವೇ ಎರಡು ತುತ್ತು ಜೋಳದ ನುಚ್ಚು ಉಂಡಳು. ಭಾನುವಾರ ಕಮಿಟಿಯವರು ಬಾಳೆಹಣ್ಣು ಹಿಡಿದು ನೋಡಲು ಬಂದರು. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಒಬ್ಬರು ಮೆಲ್ಲಗೆ ಕೇಳಿದರು, “ಅಲ್ಲಬೇ, ಆ ಹೆಸರಿನ ಹಲಗಿ ಮತ್ತ ಎಲ್ಲಿ ಹಚ್ಚೂದು?”

“ನಾ ಹೋದ ಮ್ಯಾಲ ಎಲ್ಲಿ ಬೇಕಾದಲ್ಲಿ ಹಚ್ಚಿಕೊಳ್ರಿ. ಅವಸರ ಇದ್ರ ಈಗ ಹೇಳ್ರಿ” ಎಂದಳು ದೊಡ್ಡವ್ವ.

ಯಾರೂ ಅವಸರ ತೋರಲಿಲ್ಲ. ಬಾಳೆಹಣ್ಣು ಇಟ್ಟು ಹೋದರು.

ಅಂದಹಾಗೆ, ನಿಮ್ಮೂರಿನ ಯಾವುದೋ ಕೋಣೆಯಲ್ಲೂ ಇಂಥದೊಂದು ಶಾಲು ಹೊದ್ದು ಕೂತಿರಬೇಕು. ಅದರ ಸ್ವಿಚ್ ಕೊನೆಯ ಸಲ ಒತ್ತಿದವರು ಯಾರು?